ಹೆಸರು ಮರೆತರೂ ಪದ ಮರೆಯದು

ಮನೆಯಲ್ಲಿ ಎಂಬತ್ತರ ಆಸುಪಾಸಿನ ಹಿರಿಯರಿದ್ದವರಿಗೆ ಈ ಮಾತು ಹೊಸದೇನಲ್ಲ. ಬೆಳಿಗ್ಗೆ ಉಂಡದ್ದು ನೆನಪಿಲ್ಲ, ಮೊಮ್ಮಗನ ಹೆಸರು ಬಾಯಿಗೆ ಬರುವುದಿಲ್ಲ, ಹೆತ್ತ ಮಗಳನ್ನೇ 'ನೀ ಯಾರವ್ವಾ?' ಎಂದು ಕೇಳುತ್ತಾರೆ. ಆದರೆ ಓಣಿಯ ಗುಡಿಯಲ್ಲಿ ಭಜನೆ ಶುರುವಾಯಿತೋ, ಪಲ್ಲವಿಯಿಂದ ಹಿಡಿದು ಕಡೇ ನುಡಿಯ ತನಕ ಒಂದಕ್ಷರ ತಪ್ಪದೆ ಹಾಡಿಬಿಡುತ್ತಾರೆ! 'ಬೇಕಾದ್ದಷ್ಟೇ ನೆನಪಿರ್ತದ ನೋಡ್ರಿ, ಉಳಿದದ್ದೆಲ್ಲಾ ಸೋಗು' ಎಂದು ಮನೆಯವರು ಬೇಸರಪಡುವುದುಂಟು.

ಅದು ಸೋಗಲ್ಲ. ಅಲ್ಜೈಮರ್ ಕಾಯಿಲೆ ಮಿದುಳನ್ನು ಎಲ್ಲ ಕಡೆಗೂ ಒಂದೇ ಸಮನೆ ತಿನ್ನುವುದಿಲ್ಲ. ಬಹುಕಾಲದಿಂದ ಗೊತ್ತಿರುವ ಹಾಡುಗಳನ್ನು ಕಾಯ್ದಿಡುವ ಮಿದುಳಿನ ಭಾಗ ಉಳಿದ ಭಾಗಗಳಿಗಿಂತ ಕಡಿಮೆ ಸವೆಯುತ್ತದೆ ಎಂದು ಜರ್ಮನಿಯ ಲೈಪ್‌ಜಿಗ್ ನಗರದ ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟರು. ವ್ಯಾಪಾರಸ್ಥರ ಭಾಷೆಯಲ್ಲಿ ಹೇಳುವುದಾದರೆ, ನಿನ್ನೆ ಮೊನ್ನೆಯ ಕಿರ್ದಿ ಹರಿದುಹೋಗಿದೆ. ಹಳೇ ಖಾತೆ ಪುಸ್ತಕ ಮಾತ್ರ ಪೆಟ್ಟಿಗೆಯ ತಳದಲ್ಲಿ ಭದ್ರವಾಗಿದೆ.

ಇದು ನಾಲ್ಕಾರು ಮನೆಗಳ ಮಾತೂ ಅಲ್ಲ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ ಅರುವತ್ತು ದಾಟಿದವರ ಪೈಕಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇದೆ. ಅದನ್ನು ಪೂರ್ತಿ ವಾಸಿಮಾಡುವ ಮದ್ದು ಇನ್ನೂ ಬಂದಿಲ್ಲ. ಹಾಗಿರುವಾಗ ಅವರ ದಿನಗಳನ್ನು ಹಗುರ ಮಾಡುವ ದಾರಿ ಯಾವುದಿದ್ದರೂ ಅದು ನಮಗೆ ಬೇಕು. ಅಂಥ ಒಂದು ದಾರಿಯೇ ಸಂಗೀತ ಚಿಕಿತ್ಸೆ.

ಲಾಭವೆಷ್ಟು, ಮಿತಿಯೆಷ್ಟು?

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಗಾಯಾಳು ಸೈನಿಕರಿಗಾಗಿ ಸಂಗೀತಗಾರರು ನುಡಿಸುತ್ತಿದ್ದರು. ಅದರಿಂದ ಸೈನಿಕರಿಗೆ ಗುಣ ಕಂಡ ಮೇಲೆ ಇದನ್ನೊಂದು ವಿದ್ಯೆಯಾಗಿ ಕಲಿಸುವ ಯೋಚನೆ ಬಂತು. 1944ರಲ್ಲಿ ಮಿಚಿಗನ್‌ನಲ್ಲಿ ಇದಕ್ಕೆಂದೇ ಪದವಿ ತರಗತಿ ಆರಂಭವಾಯಿತು. ಇಂದು ಅನೇಕ ದೇಶಗಳ ವೃದ್ಧಾಶ್ರಮಗಳಲ್ಲಿ ಇದು ದಿನನಿತ್ಯದ ಆರೈಕೆಯ ಒಂದು ಭಾಗ.

ಆದರೆ ಹೇಳಿದ್ದನ್ನೆಲ್ಲ ನಂಬಬೇಕಾಗಿಲ್ಲ, ತೂಕ ಮಾಡಿ ನೋಡೋಣ. 15 ದೇಶಗಳಲ್ಲಿ 1,720 ಮಂದಿ ಮರೆವಿನ ರೋಗಿಗಳ ಮೇಲೆ ನಡೆದ 30 ಪರೀಕ್ಷೆಗಳನ್ನು ಒಟ್ಟುಗೂಡಿಸಿ 2025ರಲ್ಲಿ ಕಾಕ್ರೇನ್ ಸಂಸ್ಥೆ ಒಂದು ವರದಿ ಕೊಟ್ಟಿತು. ಐದು ಸಲವಾದರೂ ಸಂಗೀತ ಚಿಕಿತ್ಸೆ ಪಡೆದವರಲ್ಲಿ ಮನಸ್ಸಿನ ಖಿನ್ನತೆ ಬಹುಶಃ ಇಳಿಯುತ್ತದೆ, ನಡವಳಿಕೆಯ ತೊಂದರೆಗಳೂ ಕೊಂಚ ತಗ್ಗಬಹುದು ಎಂಬುದು ಅದರ ಸಾರ. ಚಿಕಿತ್ಸೆ ನಿಂತ ಮೇಲೂ ಈ ಗುಣ ಉಳಿಯುತ್ತದೆ ಎಂದು ಖಾತ್ರಿಯಾಗಿ ಹೇಳುವಂತಿಲ್ಲ. ಹೋದ ನೆನಪು ಹಾಡಿನಿಂದ ಮರಳಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಉಳಿದ ತೊಂದರೆಗಳಿಗೂ ಇದರಿಂದ ಸಹಾಯ ಕಂಡಿದೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಪಾರ್ಶ್ವವಾಯು ಬಡಿದವರು ಎರಡು ತಿಂಗಳ ಕಾಲ ದಿನಕ್ಕೊಂದು ತಾಸಾದರೂ ತಮಗಿಷ್ಟವಾದ ಹಾಡು ಕೇಳಿದರು. ಧ್ವನಿಮುದ್ರಿತ ಕಥೆಗಳನ್ನು ಕೇಳಿದವರಿಗಿಂತ ಇವರ ಮಾತಿನ ನೆನಪು ಹೆಚ್ಚು ಚೇತರಿಸಿಕೊಂಡಿತೆಂದು 2008ರ ವರದಿ ಹೇಳುತ್ತದೆ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ 65 ದಾಟಿದ 134 ಮಂದಿಯನ್ನು ಆರಿಸಿ, ಪಿಯಾನೊ ನುಡಿಸಿದಂತೆ ಹೆಜ್ಜೆ ಹಾಕುವ ಅಭ್ಯಾಸದ ಪರೀಕ್ಷೆ ನಡೆಸಿದರು. ವಾರಕ್ಕೊಂದು ತಾಸು, ಆರು ತಿಂಗಳು. ಅಭ್ಯಾಸ ಮಾಡಿದವರಲ್ಲಿ ಬೀಳುವುದು ಹೆಚ್ಚು ಕಡಿಮೆ ಅರ್ಧಕ್ಕಿಳಿಯಿತು ಎಂದು 2011ರಲ್ಲಿ ಪ್ರಕಟವಾಯಿತು. ಮುಪ್ಪಿನಲ್ಲಿ ಒಮ್ಮೆ ಬಿದ್ದು ಸೊಂಟ ಮುರಿದುಕೊಂಡವರ ಪಾಡು ಕಂಡವರಿಗೆ ಈ 'ಅರ್ಧ'ದ ಬೆಲೆ ಗೊತ್ತು.

ಯಾವ ಹಾಡು?

'ಈ ರಾಗಕ್ಕೆ ಬಿ.ಪಿ. ಇಳೀತದ, ಆ ರಾಗಕ್ಕೆ ಸಕ್ಕರೆ ಕಾಯಿಲೆ ಹೋಗ್ತದ' ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅಂಥ ಮಾತು ನಂಬಿ ಗುಳಿಗೆ ಬಿಡಬೇಡಿ. ಇಲ್ಲಿ ರಾಗಕ್ಕಿಂತ ಮುಖ್ಯವಾದದ್ದು ಕೇಳುವವರ ನಂಟು. ಹತ್ತರಿಂದ ಇಪ್ಪತ್ತೈದರ ವಯಸ್ಸಿನೊಳಗೆ ಮನಸ್ಸಿಗೆ ಹತ್ತಿದ ಹಾಡು ಬಹಳ ಆಳಕ್ಕೆ ಇಳಿದಿರುತ್ತದೆ. ಈಗ ಎಂಬತ್ತರ ಹತ್ತಿರ ಇರುವವರಿಗೆ ಆ ಹರೆಯ ಎಂದರೆ 1955ರಿಂದ 1970ರ ಕಾಲ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಗಿತ್ತು. ಗಾಜನೂರಿನ ರಾಜಕುಮಾರ್ 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ಬಂದಿದ್ದರು. ಅವರಿಗೆ ದನಿ ಕೊಟ್ಟ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ತೆಲುಗು ನಾಡಿನ ಕಾಕಿನಾಡದಲ್ಲಿ!

ಆದರೆ ಸಿನಿಮಾ ಕಾಣದ, ರೇಡಿಯೊ ಇಲ್ಲದ ಮನೆಗಳೂ ಇದ್ದವಲ್ಲ? ಅಲ್ಲಿ ಹಾಡು ಕೆಲಸದ ಜೊತೆ ಹುಟ್ಟುತ್ತಿತ್ತು. ಕಣದಲ್ಲಿ ರಾತ್ರಿ ಎತ್ತು ತಿರುಗಿಸಿದ ಅಜ್ಜನಿಗೆ ಹಂತಿ ಪದ, ನಸುಕಿನಲ್ಲಿ ಬೀಸಿದ ಅಜ್ಜಿಗೆ ಬೀಸುವ ಪದ, ಮದುವೆ ಮನೆಯ ಸೋಬಾನೆ. ಅಕ್ಕಲಕೋಟೆ ಕಡೆಗೆ ತತ್ವಪದ, ತಾಳವಾಡಿ ಕಡೆಗೆ ಮಾದಪ್ಪನ ಕಂಸಾಳೆ, ಕಾಸರಗೋಡಿನಲ್ಲಿ ಯಕ್ಷಗಾನದ ಭಾಗವತರ ಪದ, ರಾಯದುರ್ಗ-ಮಡಕಶಿರಾ ಕಡೆಗೆ ಪೌರಾಣಿಕ ನಾಟಕದ ಪದ್ಯ. ಚೆಂಡೆಯ ಸದ್ದಿಗೆ ಕಾಲು ಕುಣಿಸಿದವರಿಗೆ ವೀಣೆಯ ಕ್ಯಾಸೆಟ್ಟು ಹಾಕಿಕೊಟ್ಟರೆ ಏನು ಉಪಯೋಗ?

ಗಡಿಯವರ ಇಕ್ಕಟ್ಟು

ಇಲ್ಲೇ ಇರುವುದು ನಮ್ಮ ಜನರ ಕಷ್ಟ. ಮರೆವು ಹೆಚ್ಚಾದಂತೆ, ಎರಡು ಭಾಷೆ ಬಲ್ಲ ಮುದುಕರು ಎಷ್ಟೋ ಸಲ ಮೊದಲು ಕಲಿತ ಭಾಷೆಗೇ ಮರಳುತ್ತಾರೆ. ಜೀವಮಾನವೆಲ್ಲ ಪೇಟೆಯಲ್ಲಿ ಮರಾಠಿಯಲ್ಲೋ ತಮಿಳಿನಲ್ಲೋ ವ್ಯವಹಾರ ಮಾಡಿದವರು ಈಗ ಕನ್ನಡದಲ್ಲಿ ಮಾತ್ರ ನೀರು ಕೇಳುತ್ತಾರೆ. ಮಕ್ಕಳು ಪುಣೆ, ಕೊಯಮತ್ತೂರು, ಹೈದರಾಬಾದಿನಲ್ಲಿ. ಮುದುಕರು ಅಲ್ಲಿಯ ಆಸ್ಪತ್ರೆಯಲ್ಲೋ ಆಶ್ರಮದಲ್ಲೋ. ನೋಡಿಕೊಳ್ಳುವ ಹುಡುಗಿಗೆ ಕನ್ನಡ ಬಾರದು. ಅಜ್ಜಿ ಕೂಗಿದ್ದು ಆಕೆಗೆ ತಿಳಿಯುವುದಿಲ್ಲ, ಆಕೆ ಸಮಾಧಾನ ಹೇಳಿದ್ದು ಅಜ್ಜಿಗೆ ತಿಳಿಯುವುದಿಲ್ಲ. ಕಡೆಗೆ 'ಹಟಮಾರಿ ಮುದುಕಿ' ಎಂಬ ಹೆಸರು ಬರುತ್ತದೆ.

ಇಂಥಲ್ಲಿ ಒಂದು ಹಾಡು ಮಾಡುವ ಕೆಲಸ ದೊಡ್ಡದು. ಸ್ವೀಡನ್ನಿನಲ್ಲಿ ಆರೈಕೆಯವರು ರೋಗಿಗಳಿಗೆ ಮುಖ ತೊಳೆಸುವಾಗ, ಬಟ್ಟೆ ತೊಡಿಸುವಾಗ ಹಾಡುತ್ತಾ ಕೆಲಸ ಮಾಡಿ ನೋಡಿದರು. ಮಾತಿನಲ್ಲಿ ಹೇಳಿದರೆ ಕೊಸರುತ್ತಿದ್ದವರು ಹಾಡಿಗೆ ಸರಾಗವಾಗಿ ಒಗ್ಗಿಕೊಂಡರು. ಕನ್ನಡ ಬಾರದ ಹುಡುಗಿಯೂ ಮೊಬೈಲಿನಲ್ಲಿ ಅಜ್ಜಿಯ ಪದ ಹಚ್ಚಬಲ್ಲಳು. ನಾಲ್ಕು ದಿನ ಕೇಳಿದರೆ ಪಲ್ಲವಿ ಗುನುಗಬಲ್ಲಳು.

ಒಂದು ಎಚ್ಚರದ ಮಾತು. ಅಜ್ಜ ಕನ್ನಡಿಗನೆಂಬ ಅಭಿಮಾನಕ್ಕೆ ಬರೀ ಕನ್ನಡದ ಹಾಡುಗಳನ್ನೇ ತುಂಬಬೇಡಿ. ಗದಗಿನ ಭೀಮಸೇನ ಜೋಶಿ ಪುಣೆಯಲ್ಲಿ ನೆಲೆಸಿ ಮರಾಠಿ ಅಭಂಗಗಳನ್ನೂ ಕನ್ನಡದ ದಾಸರ ಪದಗಳನ್ನೂ ಹಾಡಿದರು. ಜತ್ತ, ಸೊಲ್ಲಾಪುರದ ಎಷ್ಟು ಮನೆಗಳಲ್ಲಿ ಆ ಎರಡೂ ಒಟ್ಟಿಗೆ ಕೇಳಿಬಂದಿಲ್ಲ? ಅಜ್ಜನ ಎಳೆತನದ ಪದ ಅಭಂಗವಾಗಿದ್ದರೆ ಅಭಂಗವನ್ನೇ ಹಾಕಿ. ಅದು ಅವರ ಆಸ್ತಿ. ಅದರ ಭಾಷೆಯನ್ನು ನಾವು ಆರಿಸುವುದಲ್ಲ.

ಮಾಡುವ ಬಗೆ

ಮೊದಲು ವೈದ್ಯರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ, ಅದಕ್ಕೆ ಮದ್ದಿದೆ. ಕಿವಿ ಮಂದವಾಗಿದೆಯೇ ಎಂಬುದನ್ನೂ ನೋಡಿಸಿ.

ಹಾಡು ಹಚ್ಚುವಾಗ ಟಿ.ವಿ. ಆರಿಸಿ. ಒಂದು ಸಲಕ್ಕೆ ಅರ್ಧ ತಾಸು ಸಾಕು, ದನಿ ಹದವಾಗಿರಲಿ. ಸ್ನಾನಕ್ಕೆ ಮುಂಚೆ, ಮತ್ತು ಹೊತ್ತು ಮುಳುಗುವಾಗ ಚಡಪಡಿಕೆ ಶುರುವಾಗುವ ಮೊದಲು ಹಚ್ಚಿದರೆ ಅನುಕೂಲ. ಬರೀ ಹಚ್ಚಿ ಎದ್ದು ಹೋಗಬೇಡಿ. ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಟಿ, ತಾಳವಿದ್ದರೆ ಅವರ ಕೈಗೇ ಕೊಡಿ. ಮುಖ ನೋಡುತ್ತಿರಿ. ಕಣ್ಣಲ್ಲಿ ನೀರು ಬಂದರೆ ಅದು ಯಾವಾಗಲೂ ಕೆಟ್ಟದ್ದಲ್ಲ. ಆದರೆ ಸತ್ತ ಮಗನ ನೆನಪು ತರುವ ಹಾಡಾಗಿದ್ದು ಸಂಕಟ ಹೆಚ್ಚಿದರೆ ನಿಲ್ಲಿಸಿ, ಆ ಹಾಡನ್ನು ಪಟ್ಟಿಯಿಂದ ತೆಗೆದುಬಿಡಿ.

ಹೌದು, ಪಟ್ಟಿ. ಎಲ್ಲಕ್ಕಿಂತ ಮುಖ್ಯ ಅದೇ. ಹಿರಿಯರಿಗೆ ಇನ್ನೂ ಸ್ಮೃತಿ ನೆಟ್ಟಗಿರುವಾಗಲೇ ಕೂರಿಸಿಕೊಂಡು ಕೇಳಿ: ಶಾಲೆಯಲ್ಲಿ ಏನು ಹಾಡಿದ್ರಿ? ಮದುವೇಲಿ ಯಾವ ಪದ ಹೇಳಿದ್ರು? ಜಾತ್ರೇಲಿ ಯಾವ ನಾಟಕ ನೋಡಿದ್ರಿ? ಹತ್ತು ಹಾಡಿನ ಹೆಸರು ಬರೆದಿಡಿ. ಹಂತಿ ಪದ, ಬೀಸುವ ಪದಗಳಲ್ಲಿ ಎಷ್ಟೋ ಎಲ್ಲಿಯೂ ಅಚ್ಚಾಗಿಲ್ಲ, ಮುದ್ರಣವಾಗಿಲ್ಲ. ಅವನ್ನು ಅವರ ದನಿಯಲ್ಲೇ ಮೊಬೈಲಿಗೆ ಹಿಡಿದಿಡಿ. ನಾಳೆ ಅವರನ್ನು ಆಸ್ಪತ್ರೆಗೋ ಆಶ್ರಮಕ್ಕೋ ಸೇರಿಸಬೇಕಾಗಿ ಬಂದರೆ ಗುಳಿಗೆ ಚೀಟಿಯ ಜೊತೆ ಈ ಪಟ್ಟಿಯನ್ನೂ ಕೊಡಿ. ಅಲ್ಲಿಯವರು ಓದುವ ಲಿಪಿಯಲ್ಲಿ ಬರೆದುಕೊಡಿ.

ಹೊಲದ ಕಾಗದಪತ್ರ, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲಿವೆ ಎಂದು ಹಿರಿಯರನ್ನು ಕೇಳಿ ತಿಳಿದುಕೊಳ್ಳಲು ನಾವು ಮರೆಯುವುದಿಲ್ಲ. ಪದ ಯಾವುದು ಎಂದೂ ಈ ಸುಗ್ಗಿ ಮುಗಿಯುವುದರೊಳಗೆ ಕೇಳಿಬಿಡೋಣ.