ಹಳೆಯ ಜರಿಸೀರೆಯ ಎರಡು ಬೆಲೆಗಳು

ಉಟ್ಟು ಬಿಟ್ಟ ಬಟ್ಟೆಯ ವ್ಯಾಪಾರವು ನಮಗೆ ಹೊಸದಲ್ಲ. ಹಳೆಯ ಬಟ್ಟೆಗೆ ಬದಲಾಗಿ ಸ್ಟೀಲು ಪಾತ್ರೆ ಕೊಡುವವರೂ, ಹಳೆಯ ಜರಿಸೀರೆಗಳನ್ನು ಕೊಳ್ಳುವೆವೆಂದು ಬೀದಿ ಸುತ್ತುವವರೂ ನಮ್ಮ ಪಟ್ಟಣಗಳಿಗೆ ಪರಿಚಿತರೇ. ಆದರೆ ಹಳೆಯ ಉಡುಪನ್ನು ಅದು ಹಳೆಯದೆಂಬ ಕಾರಣಕ್ಕಾಗಿಯೇ ಆದರದಿಂದ ಮಾರುವ ಅಂಗಡಿ ಬೇರೊಂದು ಬಗೆಯದು. ದ್ರಾಕ್ಷಾರಸವು ಯಾವ ವರ್ಷದ ಫಸಲಿನದೆಂದು ತಿಳಿಸುವ 'ವಿಂಟೇಜ್' ಎಂಬ ಮಾತನ್ನು ಈ ವ್ಯಾಪಾರವು ಎರವಲು ಪಡೆದಿದೆ. ವ್ಯಾಪಾರಿಗಳ ರೂಢಿಯಲ್ಲಿ ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟು ನೂರು ವರ್ಷ ತುಂಬದ ಉಡುಪಿಗೆ ಈ ಹೆಸರು ಸಲ್ಲುತ್ತದೆ. ಇಂಥ ಸಣ್ಣ ಅಂಗಡಿಯೊಂದು ನಮ್ಮ ನಾಡಿನಲ್ಲಿ ಜರಿಯ ರೇಷ್ಮೆ ಸೀರೆಗಳನ್ನು ಮಾರುವುದಾದರೆ ಅದರ ಲೆಕ್ಕಾಚಾರ ಹೇಗಿರುತ್ತದೆಂಬುದನ್ನು ಇಲ್ಲಿ ವಿಚಾರಿಸೋಣ.

ಅಸಲು ಜರಿಯೆಂದರೆ ರೇಷ್ಮೆಯ ಎಳೆಯ ಮೇಲೆ ಚಪ್ಪಟೆಯಾದ ಬೆಳ್ಳಿಯ ತಂತಿಯನ್ನು ಸುತ್ತಿ, ಅದಕ್ಕೆ ಚಿನ್ನದ ಲೇಪ ಕೊಟ್ಟದ್ದು. ಈ ಕೈಗಾರಿಕೆಯ ಮುಖ್ಯ ನೆಲೆ ಸೂರತ್ ನಗರ. 1912ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರೇಷ್ಮೆ ನೇಯ್ಗೆ ಕಾರ್ಖಾನೆಯನ್ನು ಇಂದು ನಡೆಸುತ್ತಿರುವ ರೇಷ್ಮೆ ಉದ್ಯಮಗಳ ನಿಗಮವು ತನ್ನ ಜರಿಯಲ್ಲಿ ಶೇಕಡ 65 ಬೆಳ್ಳಿಯೂ ಶೇಕಡ 0.65 ಚಿನ್ನವೂ ಇವೆಯೆಂದು ತಿಳಿಸುತ್ತದೆ. ಈ ಪ್ರಮಾಣದಂತೆ 100 ಗ್ರಾಂ ಜರಿಯಲ್ಲಿ 65 ಗ್ರಾಂ ಬೆಳ್ಳಿ ದೊರೆಯಬೇಕು. ಬೇರೆ ಮಗ್ಗದ, ಬೇರೆ ಕಾಲದ ಸೀರೆಗೆ ಇದೇ ಲೆಕ್ಕವನ್ನು ಹಚ್ಚಲಾಗದು. ತಾಮ್ರದ ತಂತಿಗೆ ಬೆಳ್ಳಿಯ ಲೇಪ ಕೊಟ್ಟ ಜರಿಯೂ, ಪ್ಲಾಸ್ಟಿಕ್ ಹಾಳೆಗೆ ಲೋಹದ ಹೊಳಪು ಹಚ್ಚಿ ಸೀಳಿದ ಜರಿಯೂ ಕಣ್ಣಿಗೆ ಬಂಗಾರವಾಗಿಯೇ ತೋರುತ್ತವೆ. ಒರೆಗಲ್ಲಿನ ಮೇಲೆ ಉಜ್ಜಿದಾಗ ಬೆಳ್ಳಗಿನ ಗೆರೆ ಮೂಡಿತೋ ಕೆಂಪಗಿನದೋ ಎಂದು ನೋಡುವ ಅಭ್ಯಾಸವು ಅಂಗಡಿಯವನಿಗೆ ಇರಲೇಬೇಕು.

ಹೀಗೆ ಅಸಲು ಜರಿಯ ಸೀರೆಗೆ ಎರಡು ಬೆಲೆಗಳಿವೆ: ಒಂದು ಸೀರೆಯ ಬೆಲೆ, ಇನ್ನೊಂದು ಅದರೊಳಗಿನ ಬೆಳ್ಳಿಯ ಬೆಲೆ. ಜರಿಯನ್ನು ಕೊಳ್ಳುವವನು ಸೀರೆಯನ್ನು ಸುಟ್ಟು, ಬೂದಿಯನ್ನು ಕರಗಿಸಿ ಲೋಹವನ್ನು ತೆಗೆಯುತ್ತಾನೆ. ಅವನಿಗೆ ಬಣ್ಣವಾಗಲಿ ಅಂಚಿನ ಕುಸುರಿಯಾಗಲಿ ಬೇಕಿಲ್ಲ, ತೂಕ ಸಾಕು. ಆದುದರಿಂದ ನಮ್ಮ ಅಂಗಡಿಗೆ ನಿಜವಾದ ಪ್ರತಿಸ್ಪರ್ಧಿಯು ಪಕ್ಕದ ಬೀದಿಯ ಜವಳಿ ಅಂಗಡಿಯಲ್ಲ, ಕುಲುಮೆ. ಬೆಳ್ಳಿಯ ಬೆಲೆಗಿಂತ ಕಡಿಮೆಗೆ ಯಾರೂ ಸೀರೆಯನ್ನು ಇವನಿಗೆ ಕೊಡಲಾರರು. 1980ರ ಜನವರಿಯಲ್ಲಿ ಬೆಳ್ಳಿಯು ಔನ್ಸಿಗೆ ಸುಮಾರು 50 ಡಾಲರನ್ನು ಮುಟ್ಟಿತ್ತು. 2011ರಲ್ಲಿ ಮತ್ತೆ ಆ ಮಟ್ಟದ ಸಮೀಪಕ್ಕೆ ಬಂದಿತು. 2025ರಲ್ಲಿ ಅದನ್ನು ದಾಟಿತು. ಇಂಥ ಏರಿಕೆಯ ಕಾಲದಲ್ಲಿ ಅಂಗಡಿಯವನು ಕೊಳ್ಳುವ ಬೆಲೆ ಏರುತ್ತದೆ, ಆದರೆ ಉಡುವವಳು ಕೊಡಲೊಪ್ಪುವ ಬೆಲೆಯು ಅದೇ ವೇಗದಲ್ಲಿ ಏರುವುದಿಲ್ಲ.

ಇದರಲ್ಲೊಂದು ವಿಷಾದಕರ ಸಂಗತಿಯಿದೆ. ಬೆವರು, ಬೆಳಕು, ಮಡಿಕೆಗಳಿಂದ ರೇಷ್ಮೆ ಬೇಗ ಜೀರ್ಣವಾಗುತ್ತದೆ. ಬೆಳ್ಳಿಗೆ ಆ ನಾಶವಿಲ್ಲ. ಸೀರೆ ಹಳೆಯದಾದಷ್ಟೂ ಉಡುಪಾಗಿ ಅದರ ಬೆಲೆ ಕುಗ್ಗುತ್ತದೆ, ಲೋಹವಾಗಿ ಕುಗ್ಗುವುದಿಲ್ಲ. ಪರಿಣಾಮವಾಗಿ ಅಗಲವಾದ ಅಂಚು, ದಟ್ಟವಾದ ಸೆರಗು ಉಳ್ಳ, ಅತ್ಯಂತ ಪರಿಶ್ರಮದಿಂದ ನೆಯ್ದ ಸೀರೆಗಳೇ ಮೊದಲು ಬೆಂಕಿಗೆ ಬೀಳುತ್ತವೆ. ಆ ವಿನ್ಯಾಸವನ್ನು ಮತ್ತೆ ನೆಯ್ಯಬೇಕೆಂದರೆ ನೇಕಾರನಿಗೆ ಮಾದರಿಯೇ ಸಿಕ್ಕುವುದಿಲ್ಲ. ಮಾರಲು ಬಂದವರಿಗೆ ಎರಡು ಬೆಲೆಗಳನ್ನೂ ಬಿಡಿಸಿ ಹೇಳುವುದು ಅಂಗಡಿಯವನ ಧರ್ಮವೆಂದು ನಾವು ಭಾವಿಸುತ್ತೇವೆ. ಅಜ್ಜಿಯ ಸೀರೆಯನ್ನು ತಂದ ಮೊಮ್ಮಗಳಿಗೆ ಸಾಮಾನ್ಯವಾಗಿ ಒಂದೂ ತಿಳಿದಿರುವುದಿಲ್ಲ.

ಇನ್ನು ಬಂಡವಾಳದ ಮಾತು. ಹೊಸ ಜವಳಿಯಲ್ಲಿ ಮಾರಾಟವಾದ ಸೀರೆಯನ್ನು ಮತ್ತೆ ತರಿಸಬಹುದು. ಇಲ್ಲಿ ಪ್ರತಿಯೊಂದೂ ಒಂಟಿ ಸರಕು. ಕೊಳ್ಳುವವಳು ಬರುವವರೆಗೆ ಹಣವು ಬೀರುವಿನಲ್ಲಿಯೇ ಮಲಗಿರುತ್ತದೆ, ಬಾಡಿಗೆ ಮಾತ್ರ ಮಲಗುವುದಿಲ್ಲ. ಹಾಗೆ ಮಲಗಿದ ಸರಕನ್ನು ಕಾಯುವುದೂ ಕೆಲಸವೇ: ಒಗೆದು ಒಣಗಿಸಿದ ಹತ್ತಿಯ ಬಟ್ಟೆಯಲ್ಲಿ ಸುತ್ತಬೇಕು, ಆಗಾಗ ಮಡಿಕೆಯನ್ನು ಬದಲಿಸಬೇಕು, ನುಸಿಗುಳಿಗೆ ಜರಿಗೆ ತಾಕದಂತೆ ನೋಡಿಕೊಳ್ಳಬೇಕು. ಹರಿದುದನ್ನು ರಫು ಮಾಡುವವರ ಕೂಲಿಯನ್ನೂ ಸೇರಿಸಿದ ಮೇಲೆ ಉಳಿಯುವುದೇ ಲಾಭ.

ತೆರಿಗೆಯಲ್ಲಿ ಒಂದು ಅನುಕೂಲವಿದೆ. 2017ರ ಸರಕು ಮತ್ತು ಸೇವಾ ತೆರಿಗೆಯ ನಿಯಮಗಳಲ್ಲಿ 32ನೆಯದರ ಐದನೆಯ ಉಪನಿಯಮದಂತೆ, ಹಳೆಯ ಸರಕಿನ ವ್ಯಾಪಾರಿಯು ಮಾರಿದ ಬೆಲೆಗೂ ಕೊಂಡ ಬೆಲೆಗೂ ಇರುವ ವ್ಯತ್ಯಾಸದ ಮೇಲಷ್ಟೇ ತೆರಿಗೆ ಕೊಡಬಹುದು. 4,000 ರೂಪಾಯಿಗೆ ಕೊಂಡು 7,000ಕ್ಕೆ ಮಾರಿದರೆ ಲೆಕ್ಕಕ್ಕೆ ಬರುವುದು 3,000 ಮಾತ್ರ; ನಷ್ಟವಾದರೆ ತೆರಿಗೆಯಿಲ್ಲ. ಆದರೆ ಕೊಂಡಾಗಿನ ತೆರಿಗೆಯನ್ನು ವಜಾ ಪಡೆದಿರಬಾರದು, ಸರಕಿನ ಸ್ವರೂಪವೂ ಬದಲಾಗಿರಬಾರದು. ರಫು ಮಾಡಿದ ಸೀರೆ ಸೀರೆಯೇ. ಅದನ್ನು ಕತ್ತರಿಸಿ ಕುಪ್ಪಸ ಹೊಲಿದರೆ ಈ ಅನುಕೂಲ ತಪ್ಪುತ್ತದೆ.

ನೂರು ವರ್ಷ ದಾಟಿದ ಸೀರೆಯ ವಿಷಯದಲ್ಲಿ ಮತ್ತೊಂದು ಎಚ್ಚರಿಕೆ ಬೇಕು. 1972ರ ಪುರಾವಸ್ತುಗಳ ಮತ್ತು ಕಲಾನಿಧಿಗಳ ಅಧಿನಿಯಮವು ಆ ವಯಸ್ಸಿನ ಕುಶಲಕಲೆಯ ವಸ್ತುಗಳನ್ನು ಪುರಾವಸ್ತುವೆಂದು ಎಣಿಸುತ್ತದೆ. ಅಂಥವನ್ನು ಮಾರುವ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಆದಕಾರಣ ಸೀರೆಯೊಡನೆ ಅದನ್ನು ಕೊಂಡ ವರ್ಷ, ಅಂಗಡಿ, ಉಟ್ಟ ಮದುವೆ ಮೊದಲಾದ ವಿವರಗಳನ್ನು ಕೇಳಿ ಬರೆದಿಡುವುದು ಅಗತ್ಯ. ಹಳೆಯ ರಸೀತಿಯೋ, ಅದೇ ಸೀರೆಯಲ್ಲಿ ತೆಗೆಸಿದ ಮದುವೆಯ ಛಾಯಾಚಿತ್ರವೋ ದೊರೆತರೆ ಪ್ರತಿಯನ್ನು ಇಟ್ಟುಕೊಳ್ಳಬೇಕು. ಕೊಳ್ಳುವವರೂ ಇವುಗಳನ್ನು ಕೇಳುತ್ತಾರೆ, ಇವಕ್ಕಾಗಿ ಬೆಲೆಯನ್ನೂ ಕೊಡುತ್ತಾರೆ.