ಕೊಬ್ಬರಿ ಸೀಮೆಯ ಕಡ್ಡಿ ಐಸ್

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯುದ್ದಕ್ಕೂ ತೆಂಗೋ ತೆಂಗು. ನೊಣವಿನಕೆರೆಯಲ್ಲಿ ಬಸ್ಸಿಳಿದು ಒಳಬೀದಿಗೆ ತಿರುಗಿದರೆ, ಮನೆಯ ಮುಂಭಾಗವನ್ನೇ ಅಂಗಡಿ ಮಾಡಿಕೊಂಡಿರುವ ಐಸ್ ಕ್ಯಾಂಡಿಯವರು ಸಿಗುತ್ತಾರೆ. ಮೇ ತಿಂಗಳ ಬಿಸಿಲು. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳೆಲ್ಲ ಸಣ್ಣ ಅಳತೆಯವು.

ಒಳಗೆ ಕಾಲಿಟ್ಟೊಡನೆ ಗಾಜಿನ ಮುಚ್ಚಳದ ಫ್ರೀಜರ್. ಮಕ್ಕಳು ಅದರ ಮೇಲೆ ಕೈಯಿಟ್ಟು ಬಗ್ಗಿ ನೋಡುತ್ತಿದ್ದರು, ನಾನೂ ಬಗ್ಗಿದೆ. ನೇರಳೆ, ಉಪ್ಪು ಖಾರ ಬೆರೆಸಿದ ಹುಣಸೆ, ಬೆಲ್ಲ ಹಾಕಿದ ರಾಗಿ. ಹಲಸಿನದರಲ್ಲಿ ತೊಳೆಯ ಚೂರುಗಳು ಹೊರಗಿನಿಂದಲೇ ಕಾಣುತ್ತವೆ. ಬಣ್ಣ ನೋಡಿದರೆ ಚೇಳೂರು ಕಡೆಯ, ತಾಮ್ರಗೆಂಪು ತೊಳೆಯ ಸಿದ್ದು ಹಲಸು ಇರಬಹುದು ಅನ್ನಿಸಿತು. ಮೂಲೆಯಲ್ಲಿ ಎರಡು ಬಿಳಿ ಕ್ಯಾಂಡಿ: ಒಂದು ಹಾಲಿನಂತೆ ಗಟ್ಟಿ ಬಿಳುಪು, ಕಾಯಿ ಹಾಲಿನದು. ಇನ್ನೊಂದರೊಳಗೆ ಕಡ್ಡಿಯೇ ಕಾಣುತ್ತದೆ. ಅದು ಎಳನೀರು.

ಹಿಂದಿನ ಕೋಣೆಯಲ್ಲಿ ತಯಾರಿ. ತೊಟ್ಟಿಯ ತುಂಬ ಉಪ್ಪುನೀರು. ಬರೀ ನೀರು 0 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಉಪ್ಪು ಕರಗಿದ ನೀರು ಅದಕ್ಕಿಂತ ಎಷ್ಟೋ ಕೆಳಗಿಳಿದರೂ ನೀರಾಗಿಯೇ ಇರುತ್ತದೆ. ಅದರಲ್ಲಿ ಸ್ಟೀಲ್ ಅಚ್ಚುಗಳನ್ನು ಇಳಿಬಿಟ್ಟರೆ ತಣ್ಣಗಿನ ನೀರು ಸುತ್ತಲಿಂದಲೂ ತಬ್ಬಿಕೊಂಡು ಒಳಗಿನ ರಸವನ್ನು ಬೇಗ ಗಟ್ಟಿ ಮಾಡುತ್ತದೆ. ಬೇಗ ಗಟ್ಟಿಯಾದಷ್ಟೂ ಹರಳು ಸಣ್ಣದು, ಬಾಯಿಗೆ ನುಣುಪು. ಅಚ್ಚು ಮೇಲೆತ್ತಿದ ಹುಡುಗ ಅದನ್ನು ಮಾಮೂಲಿ ನೀರಿನಲ್ಲಿ ಒಂದು ಗಳಿಗೆ ಅದ್ದಿ ಎಳೆದ. ಸಾಲಾಗಿ ಕಡ್ಡಿಗಳು ಮೇಲೆ ಬಂದವು. 1905ರಲ್ಲಿ ಕ್ಯಾಲಿಫೋರ್ನಿಯಾದ ಹನ್ನೊಂದು ವರ್ಷದ ಹುಡುಗನೊಬ್ಬ ಶರಬತ್ತು ಕಲಕಿದ ಕಡ್ಡಿಯನ್ನು ಲೋಟದಲ್ಲೇ ಬಿಟ್ಟು ಮಲಗಿ, ಬೆಳಿಗ್ಗೆ ಎದ್ದಾಗ ಅದು ಕಡ್ಡಿ ಸಮೇತ ಹೆಪ್ಪುಗಟ್ಟಿತ್ತು ಎಂಬ ಕಥೆಯುಂಟು. ಅವನೇ ದೊಡ್ಡವನಾಗಿ 1924ರಲ್ಲಿ ಪೇಟೆಂಟ್ ಪಡೆದ.

ನಾನು ಎಳನೀರಿನದನ್ನೇ ತೆಗೆದುಕೊಂಡೆ. ಮೊದಲ ಸಲ ಚೀಪಿದಾಗ ಸಿಹಿ ಸಾಲದು ಅನ್ನಿಸಿತು. ತಣ್ಣಗಿದ್ದರೆ ನಾಲಿಗೆಗೆ ಸಿಹಿ ತಿಳಿಯುವುದೇ ಕಮ್ಮಿ, ಅದಕ್ಕೇ ಬಹಳ ಕಡೆ ಸಕ್ಕರೆ ಸುರಿಯುತ್ತಾರೆ. "ಜಾಸ್ತಿ ಸಕ್ರೆ ಹಾಕಿದ್ರೆ ಎಳ್ನೀರು ಅಂತಾನೇ ಗೊತ್ತಾಗಲ್ಲ ಸಾ" ಅಂದರು ಅಂಗಡಿಯವರು. ಅರ್ಧ ಮುಗಿಯುವ ಹೊತ್ತಿಗೆ ಹಲ್ಲಿಗೆ ಎಳೆಗಾಯಿಯ ಗಂಜಿ ಸಿಕ್ಕಿತು, ಪದರ ಪದರವಾಗಿ, ಮೆತ್ತಗೆ. ಅಲ್ಲಿಂದ ಮುಂದೆ ಉಪ್ಪುಪ್ಪು ಸಿಹಿಯ ನಿಜವಾದ ಎಳನೀರು. ಈ ಅಂಗಡಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು.

ಆದರೆ ಈ ಸೀಮೆಯಲ್ಲಿ ಎಳನೀರು ಕೀಳುವುದು ಸಲೀಸಾದ ಮಾತಲ್ಲ. ಏಳು ತಿಂಗಳಿಗೇ ಕಿತ್ತರೆ ಅದು ಕಾಯಾಗುವುದಿಲ್ಲ. ಬಲಿಯಲು ಬಿಟ್ಟು ಕೆಡವಿದ ಕಾಯಿ ಅಟ್ಟದ ಮೇಲೆ ಮತ್ತೆ ಹತ್ತು ಹನ್ನೊಂದು ತಿಂಗಳು ಕೂರಬೇಕು, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟು ಗುಂಡಾಗಬೇಕು. ತಿಪಟೂರು ಉಂಡೆ ಕೊಬ್ಬರಿಗೆ ಹೆಸರು ಬಂದಿದ್ದು ಈ ಕಾಯುವಿಕೆಯಿಂದ. ಬೆಳೆಗಾರ ಅಷ್ಟು ಕಾದಮೇಲೂ ಮಾರುಕಟ್ಟೆಯ ಹರಾಜಿನಲ್ಲಿ ಧಾರಣೆ ಏನಾಗುತ್ತದೋ ಎಂಬ ಆತಂಕ ತಪ್ಪಿದ್ದಲ್ಲ. ಅದೇ ಮರದ ಎಳೆಗಾಯಿ ಇಲ್ಲಿ ಬೆಳಿಗ್ಗೆ ಬಂದು ಮಧ್ಯಾಹ್ನದೊಳಗೆ ದುಡ್ಡಾಗುತ್ತದೆ. ಊರಿಗೊಂದು ಇಂಥ ಅಂಗಡಿಯಿದ್ದರೆ ಒಂದೆರಡು ಗೊನೆಯಾದರೂ ಹರಾಜಿನ ಹಂಗಿಲ್ಲದೆ ಮಾರಾಟವಾದಾವು ಎಂಬ ಆಸೆ ನನ್ನದು.

ಕೊಬ್ಬರಿ ಹಾಕಿ ಮಾಡುವುದಿಲ್ಲವೇ ಎಂದು ಕೇಳಿದೆ. ತುರಿದು ಹಾಕಿ ನೋಡಿದ್ದರಂತೆ. ತಣ್ಣಗಾದರೆ ಎಣ್ಣೆ ಗಟ್ಟಿಯಾಗಿ ಅಂಗುಳಿಗೆ ಮೆತ್ತುತ್ತದೆಯಂತೆ, ಬಿಟ್ಟರಂತೆ. ಕಾಯಿ ಹಾಲಿನ ಕ್ಯಾಂಡಿಗೆ ಏಲಕ್ಕಿ ಹಾಕುತ್ತಾರೆ. ಹೋಗುವವರು ಮಧ್ಯಾಹ್ನಕ್ಕೆ ಮುಂಚೆ ಹೋಗಿ. ಗಂಜಿ ಹಾಕಿದ ಕ್ಯಾಂಡಿ ಮೊದಲು ಖಾಲಿಯಾಗುತ್ತದೆ.