ಮಳೆಗಾಲದಲ್ಲಿ ವ್ಯಾನಿನ ಎಂಜಿನು ಮುಗ್ಗರಿಸಿದರೆ



ಶಿರ್ವ, ಶಂಕರಪುರದ ಕಡೆ ಮಲ್ಲಿಗೆ ಬೆಳೆಯುವವರಿಗೆ ಹೊತ್ತಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಮೊಗ್ಗು ಕೊಯ್ದು, ಕಟ್ಟಿ, ಸಮಯಕ್ಕೆ ಸರಿಯಾಗಿ ಕಟ್ಟೆಗೆ ಮುಟ್ಟಿಸದಿದ್ದರೆ ಅಂದಿನ ಹೂ ಅಂದೇ ನಷ್ಟ. ಅಂಥ ಬೆಳಗಿನಲ್ಲಿ ಅಂಗಳದ ಹಳೆಯ ವ್ಯಾನು ನಡುಗುತ್ತ, ಕೆಮ್ಮುತ್ತ ನಿಂತರೆ ಮನೆಯವರು ಕಂಗೆಡುತ್ತಾರೆ. ಮುಂದೆ ಪ್ಲಗ್ಗು, ವಯರು, ಕಾಯಿಲು ಎಂದು ಒಂದೊಂದನ್ನೇ ಹೊಸದಾಗಿ ಹಾಕಿಸುತ್ತ ಹೋಗುವುದುಂಟು. ದೋಷವೆಲ್ಲಿದೆಯೆಂದು ತಿಳಿಯದೆ ಸಾಮಾನು ಬದಲಿಸುವುದು, ಎಲೆ ಹಳದಿಯಾಯಿತೆಂದು ಬೇರನ್ನು ನೋಡದೆ ಗೊಬ್ಬರ ಸುರಿದಂತೆಯೇ ಸರಿ.

ನಮ್ಮಲ್ಲಿ ಈಗಲೂ ಓಡುತ್ತಿರುವ ಮಾರುತಿ ಓಮ್ನಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 1984ರಲ್ಲಿ ಮಾರುತಿ ವ್ಯಾನ್ ಎಂದು ಹೊರಟ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಇದರ ಎಂಜಿನು ಮುಂದಿನ ಸೀಟಿನ ಅಡಿಯಲ್ಲಿದೆ. 796 ಸಿ.ಸಿ.; ಸಿಲಿಂಡರುಗಳು ಮೂರು. ಎಂಜಿನು ಎರಡು ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲೂ ಒಂದು ಸಲ ಬೆಂಕಿ ಹೊತ್ತುತ್ತದೆ. ನಿಂತಲ್ಲೇ ನಿಮಿಷಕ್ಕೆ 900 ಸುತ್ತು ತಿರುಗುತ್ತಿದ್ದರೆ ಒಂದಕ್ಕೆ 450 ಸಲ ಎಂದಾಯಿತು. ಮೂರರಲ್ಲಿ ಒಂದು ಕೆಲಸ ಬಿಟ್ಟರೆ ಉಳಿದೆರಡು ಅದನ್ನೂ ಎಳೆಯಬೇಕು. ನಡುಕ ಬರುವುದು ಅದರಿಂದಲೇ.

ಆದುದರಿಂದ ಮೊದಲು ಕೇಳತಕ್ಕ ಪ್ರಶ್ನೆ ಇದು: ಕೆಟ್ಟಿರುವುದು ಒಂದೇ ಸಿಲಿಂಡರೋ, ಇಲ್ಲವೆ ಮೂರೂ ಸೊರಗಿವೆಯೋ? ಹೊಗೆಕೊಳವೆಯ ಬಳಿ ಕಿವಿಗೊಟ್ಟು ಕೇಳಿರಿ. ತಾಳ ತಪ್ಪದೆ, ಒಂದೇ ಸಮನೆ ಏಟು ಬಿಟ್ಟುಹೋಗುತ್ತಿದ್ದರೆ ದೋಷ ಒಂದರಲ್ಲಿದೆ. ಹೇಗೆಂದರೆ ಹಾಗೆ ಕೆಮ್ಮುತ್ತಿದ್ದರೆ, ಏರು ಹತ್ತುವಾಗ ಹೆಚ್ಚಾದರೆ, ಪೆಟ್ರೋಲು ಅಥವಾ ಗಾಳಿಯ ಕಡೆ ಸಂಶಯಪಡಬೇಕು. ಈ ಪರೀಕ್ಷೆಗಳನ್ನೆಲ್ಲ ಬಯಲಿನಲ್ಲಿ ಮಾಡಬೇಕು. ಮಳೆಯೆಂದು ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಎಂಜಿನು ಓಡಿಸಲೇ ಕೂಡದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ಹೋಗುವವರೆಗೂ ತಿಳಿಯದು. ಹೆಗಲ ಮೇಲಿನ ಬೈರಾಸನ್ನೂ ತೆಗೆದಿಡಿರಿ, ಬೆಲ್ಟಿಗೆ ಸಿಕ್ಕೀತು.

ಸ್ಟಾರ್ಟು ಮಾಡುವ ಮೊದಲೇ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಿರಿ. ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ಅದರೊಳಗೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ಟು ಹೋಗಿರುವುದು ಸಾಮಾನ್ಯ ಕಾರಣ. ಆಗ ಮನೆಯ ಪರೀಕ್ಷೆ ಸಾಕು, ಎಂಜಿನು ಓಡಿಸದೆ ಮೆಕ್ಯಾನಿಕನನ್ನು ಕರೆಸಿರಿ.

ಎಣ್ಣೆ ಸರಿಯಿದ್ದರೆ ಕತ್ತಲಾದ ಮೇಲೆ ಸೀಟು ಎತ್ತಿ, ಎಂಜಿನು ಓಡಿಸಿ, ಮುಟ್ಟದೆ ನೋಡಿರಿ. ಕರಾವಳಿಯ ತೇವ ವಯರುಗಳಿಗೂ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೂ ಶತ್ರು. ವಿದ್ಯುತ್ತು ಸೋರುವ ಕಡೆ ನೀಲಿ ಕಿಡಿ ಹಾರುವುದು ಕಣ್ಣಿಗೇ ಬೀಳುತ್ತದೆ. ಇಲಿ ಕಡಿದ ಗಾಯವೂ ಕೆಲವೊಮ್ಮೆ ಹೀಗೆಯೇ ಪತ್ತೆಯಾಗುವುದು. (ಏರ್ ಕ್ಲೀನರಿನಲ್ಲಿ ಇಲಿ ಗೂಡು ಕಟ್ಟಿ ಗಾಳಿ ತಡೆಯುವುದೂ ಉಂಟು, ಹೊಗೆ ಕಪ್ಪಾಗಿದ್ದರೆ ಅದನ್ನು ಬಿಚ್ಚಿ ನೋಡಿರಿ.)

ಕಿಡಿ ಕಾಣದಿದ್ದರೆ, ಕಾರ್ಬ್ಯುರೇಟರು ಇರುವ ಹಳೆಯ ಗಾಡಿಯಲ್ಲಿ ಇನ್ನೊಂದು ಪರೀಕ್ಷೆ ಮಾಡಬಹುದು. ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಮಾತ್ರ ಇದು ಬೇಡವೇ ಬೇಡ. ಎಂಜಿನು ನಿಲ್ಲಿಸಿ ಒಂದು ಪ್ಲಗ್ಗಿನ ವಯರು ಬಿಡಿಸಿರಿ. ಅದಕ್ಕೆ ಬೇರೊಂದು ಪ್ಲಗ್ಗು ಸಿಕ್ಕಿಸಿ, ಎಂಜಿನಿನ ಲೋಹಕ್ಕೆ ತಾಗುವಂತೆ ಕಟ್ಟಿರಿ. ಬಳಿಕ ಅರ್ಧ ನಿಮಿಷ ಓಡಿಸಿರಿ. ನಡುಕ ಹೆಚ್ಚಾದರೆ ಆ ಸಿಲಿಂಡರು ದುಡಿಯುತ್ತಿತ್ತು. ಏನೂ ವ್ಯತ್ಯಾಸವಾಗದಿದ್ದರೆ ಮೈಗಳ್ಳ ಅದೇ. ಎಂಜಿನು ಆರಿದ ಮೇಲೆ ಅದರ ಪ್ಲಗ್ಗನ್ನು ಪಕ್ಕದ್ದರೊಡನೆ ಅದಲುಬದಲು ಮಾಡಿರಿ. ದೋಷವೂ ಪಕ್ಕಕ್ಕೆ ಸರಿಯಿತೋ, ಪ್ಲಗ್ಗು ಕೆಟ್ಟಿದೆ. ಸರಿಯಲಿಲ್ಲವೋ, ಉದ್ದ ಸಾಲುವುದಾದರೆ ವಯರುಗಳ ಜಾಗವನ್ನು ಎರಡೂ ತುದಿಯಲ್ಲಿ ಬದಲಿಸಿ ನೋಡಿರಿ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ. ಆಗಲೂ ದೋಷ ಅಲ್ಲೇ ಉಳಿದರೆ ಮುಚ್ಚಳದ ಒಳಗಿನ ಕಿಲುಬು ನೋಡಬೇಕು; ಅದೂ ಅಲ್ಲವಾದರೆ ವಾಲ್ವು ಅಥವಾ ಪಿಸ್ಟನಿನ ರಿಂಗು. ಆ ಕೆಲಸ ಮನೆಯದಲ್ಲ. ಮೆಕ್ಯಾನಿಕನಿಗೆ ‘ಎರಡನೆಯದರ ಕಂಪ್ರೆಶನ್ ಅಳೆದು ನೋಡು’ ಎಂದು ಹೇಳುವಷ್ಟು ತಿಳಿದಿದ್ದರೆ ಸಾಕು.

ಬಿಚ್ಚಿದ ಪ್ಲಗ್ಗಿನ ತುದಿಯನ್ನೂ ಗಮನಿಸಿರಿ. ತಿಳಿಕಂದು ಬಣ್ಣ ಆರೋಗ್ಯದ ಲಕ್ಷಣ. ಒಣ ಮಸಿಯಾದರೆ ಪೆಟ್ರೋಲು ಹೆಚ್ಚು, ಜಿಡ್ಡಿನ ಕಪ್ಪಾದರೆ ಒಳಗೆ ಎಣ್ಣೆ ಸೋರುತ್ತಿದೆ.

ಮೂರೂ ಸೊರಗಿದ್ದರೆ ಪೆಟ್ರೋಲಿನಲ್ಲಿ ನೀರಿದೆಯೇ ಎಂದು ನೋಡಬೇಕು. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪ್ರಮಾಣ ಶೇಕಡಾ 20ಕ್ಕೆ ಮುಟ್ಟಿತು. ಎಥನಾಲು ತೇವವನ್ನು ಹೀರುತ್ತದೆ. ನೀರು ಮಿತಿಮೀರಿದರೆ ನೀರೂ ಎಥನಾಲೂ ಕೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಮಳೆಗಾಲವಿಡೀ ಅರೆ ಟ್ಯಾಂಕಿನಲ್ಲಿ ನಿಂತ ಗಾಡಿಗೆ ಈ ಭಯ ಹೆಚ್ಚು. ಎಂಜಿನು ತಣ್ಣಗಿರುವಾಗ, ಬೀಡಿ, ಒಲೆಗಳಿಂದ ದೂರದಲ್ಲಿ, ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಜಾಡಿಗೆ ಸ್ವಲ್ಪ ಇಳಿಸಿ ಸ್ವಲ್ಪ ಹೊತ್ತು ಇಡಿರಿ. ಅಡಿಯಲ್ಲಿ ಬೇರೆ ಪದರ ಕಂಡರೆ ಟ್ಯಾಂಕು ಖಾಲಿ ಮಾಡಿಸಬೇಕು.

ಕಾರ್ಬ್ಯುರೇಟರಿಲ್ಲದ ಹೊಸ ಗಾಡಿಗಳಲ್ಲಿ ವಯರು ಬಿಡಿಸುವ ಪರೀಕ್ಷೆ ಸಲ್ಲದು. ಅಲ್ಲಿ ಎಂಜಿನಿನ ಎಚ್ಚರಿಕೆ ದೀಪವಿರುತ್ತದೆ. ಅದು ಮಿನುಗತೊಡಗಿದರೆ ಗಾಡಿ ನಿಲ್ಲಿಸಿರಿ. ಸುಡದ ಪೆಟ್ರೋಲು ಹೊಗೆ ಶುದ್ಧಿ ಮಾಡುವ ದುಬಾರಿ ಭಾಗವನ್ನು ಸುಟ್ಟುಬಿಡುತ್ತದೆ. ದೋಷದ ಸಂಖ್ಯೆ ಓದುವ ಚಿಕ್ಕ ಉಪಕರಣ ಸಿಗುತ್ತದೆ, ನಾಲ್ಕು ಮನೆಯವರು ಸೇರಿ ಒಂದನ್ನು ಕೊಳ್ಳಬಹುದು. ಪಿ 0300 ಎಂದರೆ ದೋಷ ಒಂದೇ ಕಡೆ ನಿಂತಿಲ್ಲ. ಪಿ 0302 ಎಂದರೆ ಎರಡನೆಯ ಸಿಲಿಂಡರು. ಅದರ ಪ್ಲಗ್ಗನ್ನು ಮೂರನೆಯದರೊಡನೆ ಬದಲಿಸಿದಾಗ ಸಂಖ್ಯೆ ಪಿ 0303 ಆಯಿತೆಂದರೆ, ಪೇಟೆಯಿಂದ ತರಬೇಕಾದದ್ದು ಒಂದು ಪ್ಲಗ್ಗು ಮಾತ್ರ.